ಮನೆತನಕ್ಕೆ ಅಂಟಿದ್ದು ವೈರಸ್ಸೋ, ವಂಶವಾಹಿಯೋ?

(ವಿಶ್ವ ಹೆಪಟೈಟಿಸ್ ದಿನದಂದು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳ ವಿವರಣೆಯನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎಲ್ಲರಿಗೂ ಉಪಯೋಗವಾಗುವಂಥ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಕಾಮಾಲೆಗೆ ಮದ್ದು ಕೊಡುವವರು ನಮ್ಮ ಸೀಮೆಯಲ್ಲಿ ಸೋತದ್ದೇ ಇಲ್ಲ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲಿಗೆ ಹೋದರೂ ‘ಅರಸಿನ ಮುಂಡಿಗೆಗೆ ಅವರ ಕೈಮದ್ದೇ ಆಗಬೇಕು’ ಎಂದು ಹೆಸರು ಪಡೆದ ಒಬ್ಬರಾದರೂ ಸಿಗುತ್ತಾರೆ. ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು ಅರೆದು ಹಾಲಿನಲ್ಲಿ ಕಲಸಿ ಬರಿಹೊಟ್ಟೆಗೆ ಕುಡಿಸುತ್ತಾರೆ. ಉಪ್ಪು, ಎಣ್ಣೆ ಬಿಡಿಸಿ ಕುಚ್ಚಿಲಕ್ಕಿ ಗಂಜಿಯ ಪಥ್ಯ ಹೇಳುತ್ತಾರೆ. ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ. ಮದ್ದು ಕೊಟ್ಟವರಿಗೆ ಕೀರ್ತಿ, ಕುಡಿದವರಿಗೆ ಸಮಾಧಾನ. ನಾನು ಅವರನ್ನು ಗೇಲಿ ಮಾಡುತ್ತಿಲ್ಲ. ಆದರೆ ನೀರಿನಿಂದ ಬರುವ ಹೆಪಟೈಟಿಸ್ ಎ (ವೈರಸ್ಸಿನಿಂದಾಗುವ ಯಕೃತ್ತಿನ, ಅಂದರೆ ಲಿವರಿನ, ಉರಿಯೂತ) ತಗಲಿದ ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಮಂದಿ ಮದ್ದು ಕುಡಿದರೂ ಗುಣವಾಗುತ್ತಾರೆ, ಕುಡಿಯದಿದ್ದರೂ ಗುಣವಾಗುತ್ತಾರೆ. ಇಂಥ ಕಾಯಿಲೆಗೆ ಯಾರು ಏನು ಕೊಟ್ಟರೂ ಗೆಲುವು ಖಚಿತ.

ಉಳಿದ ಆ ಒಬ್ಬರ ಬಗ್ಗೆ ಇವತ್ತು ಮಾತನಾಡಬೇಕು. ಒಂದೇ ಬಾವಿಯ ನೀರು, ಒಂದೇ ಮದುವೆಯ ಊಟ ಎಂದು ಇಟ್ಟುಕೊಳ್ಳಿ. ಮನೆಯ ಸಣ್ಣ ಮಗುವಿಗೆ ಎರಡು ದಿನ ಮೈ ಬಿಸಿಯಾಗಿ ಹೋಯಿತು, ಕಾಮಾಲೆ ಎಂದು ಯಾರಿಗೂ ತಿಳಿಯಲೇ ಇಲ್ಲ. ಅಪ್ಪ ಒಂದು ತಿಂಗಳು ಹಾಸಿಗೆ ಹಿಡಿದರು. ಚಿಕ್ಕಪ್ಪನನ್ನು ತಲಪಾಡಿಯ ಗಡಿ ದಾಟಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂವರಿಗೂ ತಗಲಿದ ವೈರಸ್ ಒಂದೇ. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಮೊದಲು ವೈರಸ್‌ಗಳ ಪರಿಚಯವನ್ನು ಬೇಗ ಮುಗಿಸುತ್ತೇನೆ. ಯಕೃತ್ತಿನಲ್ಲಿ ಮನೆ ಮಾಡುವವು ಮುಖ್ಯವಾಗಿ ಐದು: ಎ, ಬಿ, ಸಿ, ಡಿ, ಇ. ಎ ಮತ್ತು ಇ ಮಲದಿಂದ ಕೆಟ್ಟ ನೀರು, ಆಹಾರದ ಮೂಲಕ ಬರುತ್ತವೆ, ಸಾಮಾನ್ಯವಾಗಿ ಬಂದ ಹಾಗೆಯೇ ಹೋಗುತ್ತವೆ. ಬಿ ಮತ್ತು ಸಿ ರಕ್ತದಿಂದ, ಸೂಜಿಯಿಂದ ಬರುತ್ತವೆ. ಬಿ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಇವೆರಡೂ ಕೆಲವರಲ್ಲಿ ಹೋಗುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕುಳಿತು, ಯಕೃತ್ತು ಗಡುಸಾಗಿ ಕೆಡುವ ಸಿರೋಸಿಸ್‌ಗೆ, ಯಕೃತ್ತಿನ ಕ್ಯಾನ್ಸರ್‌ಗೆ ದಾರಿ ಮಾಡುತ್ತವೆ. ಡಿ ಬಿಯ ಬೆನ್ನಿಗೆ ಬಿದ್ದು ಬರುವ ವೈರಸ್, ಬಿ ಇಲ್ಲದೆ ಅದಕ್ಕೆ ಬದುಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಮಂದಿ ಹೆಪಟೈಟಿಸ್ ಬಿ ಹೊತ್ತುಕೊಂಡು, 55 ಲಕ್ಷ ಮಂದಿ ಸಿ ಹೊತ್ತುಕೊಂಡು ಬದುಕುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ.

ವಂಶವಾಹಿಯ ಬಗ್ಗೆ ಮಾತನಾಡಲು ಬಂದವನು ನಾನು. ಆದರೂ ಮೊದಲು ವಯಸ್ಸಿನ ಮಾತು ಎತ್ತದಿದ್ದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಎ ವೈರಸ್ ತಗಲಿದರೆ ಹೆಚ್ಚಿನವರಲ್ಲಿ ಲಕ್ಷಣವೇ ಕಾಣುವುದಿಲ್ಲ. ದೊಡ್ಡವರಿಗೆ ತಗಲಿದರೆ ಕಣ್ಣು ಹಳದಿಯಾಗುವುದೇ ರೂಢಿ. ನಮ್ಮ ಅಜ್ಜಂದಿರ ಕಾಲದಲ್ಲಿ ಎಲ್ಲರಿಗೂ ಚಿಕ್ಕಂದಿನಲ್ಲೇ ತಗಲಿ, ಜೀವಮಾನಕ್ಕೆ ಸಾಕಾಗುವಷ್ಟು ರಕ್ಷಣೆ ಉಳಿದುಬಿಡುತ್ತಿತ್ತು. ಕೇರಳದಲ್ಲಿ ಮನೆಮನೆಗೆ ಶೌಚಾಲಯ ಬಂತು, ಶುಚಿತ್ವ ಬಂತು, ಮಕ್ಕಳು ಸೋಂಕಿನಿಂದ ಪಾರಾದರು. ಆ ಮಕ್ಕಳೇ ಈಗ ಇಪ್ಪತ್ತು ಮೂವತ್ತರ ಪ್ರಾಯದಲ್ಲಿ ಮೊದಲ ಬಾರಿ ವೈರಸ್ಸಿಗೆ ಎದುರಾಗುತ್ತಿದ್ದಾರೆ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೆಂಗೂರಿನಲ್ಲಿ, ಮಲಪ್ಪುರದಲ್ಲಿ ಹೆಪಟೈಟಿಸ್ ಎ ಹರಡಿದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಹೋಟೆಲಿನಲ್ಲಿ ಪದಿಮುಗಂ ಮರದ ಚಕ್ಕೆ ಹಾಕಿದ ಗುಲಾಬಿ ಬಣ್ಣದ ಬಿಸಿನೀರು ಕೊಡುತ್ತಾರಲ್ಲ, ಅದನ್ನು ಕುದಿಸಿದ್ದು ನಿಜವೇ ಇರಬಹುದು. ಬೇಗ ಕುಡಿಯಲಿ ಎಂದು ಅದಕ್ಕೆ ಬಾವಿಯ ತಣ್ಣೀರು ಬೆರೆಸಿದರೆ ಕುದಿಸಿದ ಪುಣ್ಯವೆಲ್ಲ ಹೋಯಿತು. ನಮ್ಮ ಕಡೆಯ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರನ್ನು ಸರಾಗವಾಗಿ ಇಳಿಸಿಕೊಳ್ಳುತ್ತದೆ. ಶೌಚದ ಗುಂಡಿ ಬಾವಿಗೆ ಹತ್ತಿರವಿದ್ದರೆ ಅದರ ನೀರನ್ನೂ ಅಷ್ಟೇ ಸರಾಗವಾಗಿ ಇಳಿಸಿಕೊಳ್ಳುತ್ತದೆ. ಬಾಯಾರು, ಪೈವಳಿಕೆ ಕಡೆಯಲ್ಲಿ ಗುಡ್ಡ ಕೊರೆದು ತೆಗೆದ ಸುರಂಗದ ನೀರು ತಂಪು, ತಿಳಿ, ರುಚಿ. ಅದು ತಿಳಿಯಾಗಿದೆ ಎಂಬ ಕಾರಣಕ್ಕೆ ವೈರಸ್ ಇಲ್ಲ ಎಂದುಕೊಳ್ಳಬೇಡಿ.

ಬಿ ವೈರಸ್ಸಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ದೊಡ್ಡವರಿಗೆ ಹೊಸದಾಗಿ ತಗಲಿದರೆ ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿ ಅದನ್ನು ಓಡಿಸಿಬಿಡುತ್ತಾರೆ. ಹುಟ್ಟುವಾಗಲೇ ತಗಲಿದ ಶಿಶುಗಳಲ್ಲಿ ಸುಮಾರು 90 ಮಂದಿಯಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ. ಎಯಲ್ಲಿ ಮಕ್ಕಳು ಪಾರು, ಬಿಯಲ್ಲಿ ಮಕ್ಕಳೇ ಬಲಿ. ಯಾಕೆ ಹೀಗೆ ಎಂದರೆ, ಈ ವೈರಸ್‌ಗಳು ಬಹುಮಟ್ಟಿಗೆ ತಾವಾಗಿ ಯಕೃತ್ತಿನ ಕೋಶವನ್ನು ಕೊಲ್ಲುವುದಿಲ್ಲ. ಒಳಗೆ ಸೇರಿ ತಮ್ಮ ಪ್ರತಿಗಳನ್ನು ಮಾಡುತ್ತಾ ಕುಳಿತಿರುತ್ತವೆ. ಸೋಂಕಿದ ಕೋಶವನ್ನು ಗುರುತಿಸಿ ಕೊಲ್ಲುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಕಣ್ಣಿಗೆ ಬರುವ ಹಳದಿ ಆ ಕೊಲೆಯ ಗುರುತು. ಆ ವ್ಯವಸ್ಥೆ ಮಂದವಾಗಿದ್ದರೆ ಕಾಮಾಲೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಚುರುಕಾಗಿದ್ದರೆ ನಾಲ್ಕು ವಾರ ನರಳಿ ಪಾರಾಗುತ್ತೇವೆ. ಮಿತಿಮೀರಿ ಚುರುಕಾದರೆ ಯಕೃತ್ತೇ ಉಳಿಯುವುದಿಲ್ಲ. ಈ ಚುರುಕುತನವನ್ನು ಹೊಂದಿಸುವ ಸೂಚನೆಗಳು ವಂಶವಾಹಿಗಳಲ್ಲಿ ಬರೆದಿವೆ, ಮತ್ತು ಆ ಬರಹ ಒಬ್ಬರಿಂದೊಬ್ಬರಿಗೆ ಸ್ವಲ್ಪ ಸ್ವಲ್ಪ ಬೇರೆ.

ತೆಂಗು ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ದಕ್ಷಿಣ ಕೇರಳದ ತೋಟಗಳನ್ನು ಬೇರು ಸೊರಗು ರೋಗ ಹಿಂಡಿದೆ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ರೋಗದ ಬೀಡಿನಲ್ಲೇ ನಿಂತು, ಸುತ್ತಲಿನ ಮರಗಳೆಲ್ಲ ಸೊರಗಿದರೂ ತಾನು ಸೊರಗದ ಮರಗಳನ್ನು ಹುಡುಕಿದರು. ಹಾಗೆ ಆರಿಸಿದ ಗಿಡ್ಡ ತಳಿಗಳಿಂದ ಕಲ್ಪರಕ್ಷ, ಕಲ್ಪಶ್ರೀ ಬಂದವು. ಅದೇ ಮಣ್ಣು, ಅದೇ ರೋಗಾಣು, ಆದರೆ ಮರ ಬೇರೆ. ಮನುಷ್ಯರಲ್ಲಿ ಹೀಗೆ ಸಾಲಾಗಿ ನಿಲ್ಲಿಸಿ ಸೋಂಕು ತಗಲಿಸಿ ನೋಡುವಂತಿಲ್ಲ. ಒಂದು ದೊಡ್ಡ ಅನಾಹುತ ಮಾತ್ರ ಹೆಚ್ಚುಕಡಿಮೆ ಹಾಗೆಯೇ ನಡೆದುಹೋಯಿತು.

ಆರ್‌ಎಚ್ ನೆಗೆಟಿವ್ ರಕ್ತದ ಬಾಣಂತಿಯರಿಗೆ ಆಂಟಿ-ಡಿ ಎಂಬ ಚುಚ್ಚುಮದ್ದು ಕೊಡುವುದು ಇಲ್ಲಿ ಕುಳಿತ ಅನೇಕ ತಾಯಂದಿರಿಗೆ ಗೊತ್ತು. ಅದನ್ನು ಮನುಷ್ಯರ ರಕ್ತದಿಂದಲೇ ತಯಾರಿಸುತ್ತಾರೆ. ಐರ್ಲೆಂಡಿನಲ್ಲಿ 1977-78ರಲ್ಲಿ ತಯಾರಾದ ಆ ಮದ್ದಿನಲ್ಲಿ ಹೆಪಟೈಟಿಸ್ ಸಿ ಸೇರಿಕೊಂಡಿತ್ತು. ಆಗ ಸಿ ವೈರಸ್ಸನ್ನು ಯಾರೂ ಕಂಡೇ ಇರಲಿಲ್ಲ. ಅದು ಪತ್ತೆಯಾದದ್ದು 1989ರಲ್ಲಿ. ಐರ್ಲೆಂಡಿನ ತಪ್ಪು ಹೊರಬಿದ್ದದ್ದು 1994ರಲ್ಲಿ. ಅರವತ್ತೆರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕರೆಸಿ ಪರೀಕ್ಷಿಸಿದರು. 704 ಮಂದಿಯ ರಕ್ತದಲ್ಲಿ ಸೋಂಕು ಹಿಂದೆ ಬಂದಿದ್ದುದರ ಅಥವಾ ಈಗಲೂ ಇರುವುದರ ಗುರುತು ಸಿಕ್ಕಿತು. ಅವರಲ್ಲಿ 390 ಮಂದಿಯಲ್ಲಿ ವೈರಸ್ ಇನ್ನೂ ಇತ್ತು. ಉಳಿದ 314 ಮಂದಿ ಯಾವ ಮದ್ದೂ ಇಲ್ಲದೆ ಅದನ್ನು ತೊಡೆದುಹಾಕಿದ್ದರು.

ಈ ಸಂಖ್ಯೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಎಲ್ಲರೂ ಹೆಂಗಸರು. ಹೆಚ್ಚುಕಡಿಮೆ ಒಂದೇ ಪ್ರಾಯ, ಎಲ್ಲರೂ ಆಗಷ್ಟೇ ಹೆತ್ತವರು. ಮೂಲ ಒಂದೇ, ವೈರಸ್ ಒಂದೇ, ದೇಹಕ್ಕೆ ಹೊಕ್ಕ ದಾರಿಯೂ ಒಂದೇ. ಕುಡಿತ, ಸೂಜಿ, ವಯಸ್ಸು ಎಂದು ನಾವು ಸಾಮಾನ್ಯವಾಗಿ ಕೊಡುವ ಕಾರಣಗಳಲ್ಲಿ ಹೆಚ್ಚಿನವು ಇಲ್ಲಿ ಬದಿಗೆ ಸರಿದವು. ಆದರೂ ಗುಂಪು ಹೆಚ್ಚುಕಡಿಮೆ ಅರ್ಧಕ್ಕೆ ಸೀಳಿತು. ವೈರಸ್ ಉಳಿದುಕೊಂಡವರ ಯಕೃತ್ತಿನ ತುಣುಕು ತೆಗೆದು ನೋಡಿದಾಗ, ಹದಿನೇಳು ವರ್ಷಗಳ ಬಳಿಕವೂ ಸಿರೋಸಿಸ್ ಕಂಡದ್ದು ನೂರಕ್ಕೆ ಎರಡರಷ್ಟು ಮಂದಿಯಲ್ಲಿ ಮಾತ್ರ. ಸೋಂಕು ತಗಲುವುದು ಬೇರೆ, ಉಳಿಯುವುದು ಬೇರೆ, ಯಕೃತ್ತನ್ನು ಕೆಡಿಸುವುದು ಬೇರೆ. ಒಂದೊಂದು ಹಂತದಲ್ಲೂ ವಂಶವಾಹಿಗಳ ಬೇರೆ ಬೇರೆ ಗುಂಪುಗಳ ಕೈವಾಡವಿದೆ.

ಆ ಹೆಂಗಸರ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ವ್ಯತ್ಯಾಸ ಎದ್ದು ಕಂಡ ಜಾಗ ಆರನೆಯ ವರ್ಣತಂತುವಿನ (ಕ್ರೋಮೋಸೋಮಿನ) ಎಚ್‌ಎಲ್‌ಎ ಪ್ರದೇಶ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನ್‌ಗಳನ್ನು ತುಂಡರಿಸಿ, ಆ ತುಣುಕುಗಳನ್ನು ಹೊರಮೈಯಲ್ಲಿ ತೋರಿಸುತ್ತಲೇ ಇರುತ್ತದೆ. ಹಾಗೆ ಹಿಡಿದು ತೋರಿಸುವ ಪ್ರೋಟೀನ್ ಎಚ್‌ಎಲ್‌ಎ. ಅದರ ತುದಿಯಲ್ಲಿ ಒಂದು ಕಿರಿದಾದ ತೋಡು ಇದೆ. ತುಣುಕು ಆ ತೋಡಿನಲ್ಲಿ ಕೂರಬೇಕು. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಬಂದು ಅದನ್ನು ತಡವಿ ನೋಡುತ್ತವೆ; ಪರಕೀಯ ಎಂದು ಕಂಡರೆ ಕೋಶವನ್ನು ಕೊಲ್ಲುತ್ತವೆ. ತೋಡಿನ ಆಕಾರ ಎಲ್ಲರಲ್ಲೂ ಒಂದೇ ಅಲ್ಲ. ಜಗತ್ತಿನಲ್ಲಿ ಈವರೆಗೆ ಪಟ್ಟಿ ಮಾಡಿರುವ ಎಚ್‌ಎಲ್‌ಎ ರೂಪಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಸಿ ವೈರಸ್ಸಿನ ಮುಖ್ಯ ತುಣುಕೊಂದು ನಿಮ್ಮ ತೋಡಿನಲ್ಲಿ ಸರಿಯಾಗಿ ಕೂತರೆ ವೈರಸ್ ಸಿಕ್ಕಿಬೀಳುತ್ತದೆ. ಕೂರದಿದ್ದರೆ ಅದು ಮರೆಯಲ್ಲೇ ಉಳಿಯುತ್ತದೆ. ಐರ್ಲೆಂಡಿನಲ್ಲಿ ವೈರಸ್ಸನ್ನು ಓಡಿಸಿದವರಲ್ಲಿ ಎ3, ಬಿ27, ಡಿಆರ್‌ಬಿ1*01 ಎಂಬ ಎಚ್‌ಎಲ್‌ಎ ರೂಪಗಳು ಹೆಚ್ಚಾಗಿ ಕಂಡವು.

ಬಿ27 ಎಂದ ಕೂಡಲೇ ಇಲ್ಲಿ ಯಾರಾದರೂ ತಲೆ ಎತ್ತಿರಬೇಕು. ಬೆಳಗ್ಗೆ ಏಳುವಾಗ ಬೆನ್ನು ಸೆಟೆದು ನಿಲ್ಲುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಗೆ ಮಾಡಿಸುವ ರಕ್ತಪರೀಕ್ಷೆ ಇದೇ. ಒಂದು ಕಡೆ ಬೆನ್ನಿಗೆ ಕಂಟಕವಾಗುವ ರೂಪ ಇನ್ನೊಂದು ಕಡೆ ಯಕೃತ್ತಿಗೆ ಕಾವಲು. ‘ಒಳ್ಳೆಯ ವಂಶವಾಹಿ’, ‘ಕೆಟ್ಟ ವಂಶವಾಹಿ’ ಎಂದು ಹಣೆಪಟ್ಟಿ ಹಚ್ಚುವವರನ್ನು ಕಂಡರೆ ನನಗೆ ರೇಗುವುದು ಇದಕ್ಕೇ. ಗ್ಯಾಂಬಿಯಾ ದೇಶದಲ್ಲಿ ಬಿ ವೈರಸ್ಸಿನ ಬಗ್ಗೆ 1995ರಲ್ಲಿ ಪ್ರಕಟವಾದ ಅಧ್ಯಯನವೂ ಇಂಥದೇ ಕತೆ ಹೇಳುತ್ತದೆ. ಅಲ್ಲಿ ಡಿಆರ್‌ಬಿ1*1302 ಎಂಬ ರೂಪವಿದ್ದವರಲ್ಲಿ ಬಿ ವೈರಸ್ ಶಾಶ್ವತವಾಗಿ ಉಳಿಯುವುದು ಕಡಿಮೆ. ಅದೇ ರೂಪ ತೀವ್ರ ಮಲೇರಿಯಾದಿಂದಲೂ ಕಾಯುತ್ತದೆ ಎಂದು ಅದಕ್ಕೆ ಮೊದಲೇ ಗೊತ್ತಾಗಿತ್ತು. ಮಲೇರಿಯಾದ ನಾಡಿನಲ್ಲಿ ಅದು ಹೆಚ್ಚಿದ್ದುದು ಕಾಕತಾಳೀಯವಾಗಿರಲಾರದು.

2009ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಆಗ ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರೈಬವೈರಿನ್ ಮಾತ್ರೆ ಕೊಡುತ್ತಿದ್ದರು. ಸಾಮಾನ್ಯವಾಗಿ 48 ವಾರ. ಜ್ವರ, ಕೂದಲು ಉದುರುವುದು, ಖಿನ್ನತೆ, ರಕ್ತಹೀನತೆ ಎಲ್ಲವನ್ನೂ ಅನುಭವಿಸಿದ ಮೇಲೆ ಅರ್ಧದಷ್ಟು ಮಂದಿಗೆ ಗುಣ, ಉಳಿದವರಿಗೆ ಇಲ್ಲ. ಯಾರಿಗೆ ಗುಣವಾಗುತ್ತದೆ ಎಂದು ತಿಳಿಯಲು ಸಾವಿರಕ್ಕೂ ಹೆಚ್ಚು ರೋಗಿಗಳ ಇಡೀ ಜೀನೋಮನ್ನು, ಅಂದರೆ ವಂಶವಾಹಿಗಳ ಪೂರ್ತಿ ಬರಹವನ್ನು, ಜಾಲಾಡಿದಾಗ ಹತ್ತೊಂಬತ್ತನೆಯ ವರ್ಣತಂತುವಿನಲ್ಲಿ, ಐಎಲ್28ಬಿ ಎಂಬ ವಂಶವಾಹಿಯ ಪಕ್ಕದಲ್ಲಿ, ಒಂದೇ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿತು. ಆ ಜಾಗದಲ್ಲಿ ತಂದೆ ತಾಯಿ ಇಬ್ಬರಿಂದಲೂ ಸಿ ಅಕ್ಷರ (ಇದು ಡಿಎನ್‌ಎ ಬರಹದ ಅಕ್ಷರ, ಸಿ ವೈರಸ್ ಅಲ್ಲ) ಪಡೆದವರಿಗೆ ಗುಣವಾಗುವ ಸಾಧ್ಯತೆ ಇಬ್ಬರಿಂದಲೂ ಟಿ ಪಡೆದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಚಿಕಿತ್ಸೆ ಇಲ್ಲದೆ ತಾನಾಗಿ ಗುಣವಾಗುವವರಲ್ಲೂ ಅದೇ ಅಕ್ಷರ ಮುಂದೆ ಎಂದು ಅದೇ ವರ್ಷ ಬೇರೊಂದು ತಂಡ ತೋರಿಸಿತು. ಅಮೆರಿಕದ ಕಪ್ಪು ಜನರಲ್ಲಿ ಈ ಔಷಧ ಏಕೆ ಅಷ್ಟು ಸೋಲುತ್ತದೆ ಎಂದು ವೈದ್ಯರು ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದರು. ಮಾತ್ರೆ ಸರಿಯಾಗಿ ನುಂಗುವುದಿಲ್ಲ ಎಂದು ರೋಗಿಗಳ ಮೇಲೆ ಗೂಬೆ ಕೂರಿಸಿದವರೂ ಇದ್ದಿರಬೇಕು. ಆ ವ್ಯತ್ಯಾಸದ ಸುಮಾರು ಅರ್ಧ ಪಾಲನ್ನು ಈ ಒಂದು ಅಕ್ಷರವೇ ವಿವರಿಸಿತು. ಭಾರತೀಯರಲ್ಲಿ ಅನುಕೂಲದ ಸಿ ಅಕ್ಷರವೇ ಹೆಚ್ಚು.

ಇದರ ಹಿಂದಿನ ಕಾರಣ 2013ರಲ್ಲಿ ಬಯಲಾದಾಗ ಎಲ್ಲರಿಗೂ ಅಚ್ಚರಿ. ಆ ಅಕ್ಷರದ ಪಕ್ಕದಲ್ಲೇ ಐಎಫ್‌ಎನ್‌ಎಲ್4 ಎಂಬ ಇನ್ನೊಂದು ವಂಶವಾಹಿ ಅಡಗಿತ್ತು. ವೈರಸ್ ಎದುರಿಸುವ ಇಂಟರ್‌ಫೆರಾನ್ ಕುಟುಂಬಕ್ಕೆ ಸೇರಿದ ಪ್ರೋಟೀನನ್ನು ಅದು ತಯಾರಿಸುತ್ತದೆ. ನಮ್ಮಲ್ಲಿ ಅನೇಕರಲ್ಲಿ ಆ ವಂಶವಾಹಿ ಕೆಟ್ಟುಹೋಗಿದೆ, ಪ್ರೋಟೀನ್ ತಯಾರಾಗುವುದೇ ಇಲ್ಲ. ಹಾಗೆ ಕೆಟ್ಟವರೇ ಸಿ ವೈರಸ್ಸನ್ನು ಚೆನ್ನಾಗಿ ಓಡಿಸುತ್ತಾರೆ! ವೈರಸ್ ವಿರುದ್ಧದ ಅಸ್ತ್ರವೊಂದನ್ನು ಕಳೆದುಕೊಂಡವರಿಗೆ ವೈರಸ್ ವಿರುದ್ಧ ಗೆಲುವು. ಇಷ್ಟೆಲ್ಲ ಮಹತ್ವದ ಈ ಅಕ್ಷರವನ್ನು ಇಂದು ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ. ಸೋಫೋಸ್‌ಬುವಿರ್‌ನಂಥ ಹೊಸ ಮಾತ್ರೆಗಳು ಬಂದ ಮೇಲೆ, ಸಾಮಾನ್ಯವಾಗಿ ಹನ್ನೆರಡು ವಾರದ ಚಿಕಿತ್ಸೆಯಲ್ಲಿ ನೂರರಲ್ಲಿ 95ರಷ್ಟು ಮಂದಿ ಗುಣವಾಗುತ್ತಾರೆ, ಅಕ್ಷರ ಯಾವುದಾದರೂ ಇರಲಿ. ವಂಶವಾಹಿಯ ವ್ಯತ್ಯಾಸವನ್ನು ಒಳ್ಳೆಯ ಮದ್ದು ಹೀಗೆ ಅಳಿಸಿಹಾಕಬಲ್ಲದು. ನಾನು ಪಾಠ ಮಾಡಿದ ವಿಷಯವೇ ಹಳತಾದದ್ದಕ್ಕೆ ಇಷ್ಟು ಸಂತೋಷಪಟ್ಟದ್ದು ಬೇರೆ ನೆನಪಿಲ್ಲ.

ಈಗ ಆ ನೂರರಲ್ಲಿ ಒಬ್ಬರಿಗೆ ಬರೋಣ. ಆರೋಗ್ಯವಾಗಿದ್ದ ಹನ್ನೊಂದು ವರ್ಷದ ಒಬ್ಬಳು ಹುಡುಗಿ ಹೆಪಟೈಟಿಸ್ ಎ ತಗಲಿ ಯಕೃತ್ತು ಪೂರ್ತಿ ನಾಶವಾಗಿ ತೀರಿಕೊಂಡ ಪ್ರಕರಣ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವಯಸ್ಸಿನಲ್ಲಿ ಅದು ತೀರಾ ಅಪರೂಪ. ಅವಳ ಐಎಲ್18ಬಿಪಿ ಎಂಬ ವಂಶವಾಹಿಯ ಎರಡೂ ಪ್ರತಿಗಳಲ್ಲಿ 40 ಅಕ್ಷರಗಳು ಕಳಚಿಹೋಗಿದ್ದವು. ಉರಿಯೂತ ಹೆಚ್ಚಿಸುವ ಸಂಕೇತವೊಂದನ್ನು ತಡೆದು ಹಿಡಿಯುವುದು ಆ ಪ್ರೋಟೀನಿನ ಕೆಲಸ. ತಡೆ ಇಲ್ಲದೆ ಅವಳ ದೇಹದ ಕೋಶಗಳೇ ಯಕೃತ್ತನ್ನು ಮುಗಿಸಿದವು. ಅರ್ಜೆಂಟೀನಾದ ಮಕ್ಕಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಟಿಮ್-1 ಎಂಬ ಪ್ರೋಟೀನ್ ಆರು ಕೊಂಡಿಗಳಷ್ಟು (ಅಮೈನೋ ಆಮ್ಲಗಳಷ್ಟು) ಉದ್ದವಾಗಿದ್ದವರಿಗೆ ಎ ವೈರಸ್ಸಿನಿಂದ ತೀವ್ರ ಹಾನಿಯಾಗುವುದು ಹೆಚ್ಚು ಎಂದು ಕಂಡುಬಂತು. ಇಲ್ಲೂ ಹಾನಿ ಮಾಡಿದ್ದು ಅತಿ ಉತ್ಸಾಹದ ರಕ್ಷಣೆಯೇ.

ಐಎಲ್18ಬಿಪಿಯಂಥ ದೋಷ ಅನಾಹುತ ಮಾಡಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇರುವ ಮನೆಗಳಲ್ಲಿ ಆ ಸಾಧ್ಯತೆ ಏರುತ್ತದೆ. ಇದನ್ನು ಇಲ್ಲಿಗೇ ಬಿಡುತ್ತೇನೆ. ಸಭೆಯಲ್ಲಿ ಭಾವ, ಭಾವನ ಅಳಿಯ ಎಲ್ಲರೂ ಇದ್ದೀರಿ.

ಬಿ ವೈರಸ್ಸಿನ ಬಗ್ಗೆ ಎರಡು ಸಂಗತಿ. 2009ರಲ್ಲಿ ಜಪಾನಿನ ತಂಡವೊಂದು ಎಚ್‌ಎಲ್‌ಎ-ಡಿಪಿ ವಂಶವಾಹಿಗಳ ಕೆಲವು ರೂಪಗಳಿದ್ದವರಲ್ಲಿ ಬಿ ಸೋಂಕು ಶಾಶ್ವತವಾಗುವ ಸಾಧ್ಯತೆ ಕಡಿಮೆ ಎಂದು ತೋರಿಸಿತು. ಆಮೇಲೆ 2012ರಲ್ಲಿ ಬೀಜಿಂಗ್‌ನ ಪ್ರಯೋಗಾಲಯವೊಂದು ಬಿ ಮತ್ತು ಡಿ ವೈರಸ್‌ಗಳು ಯಕೃತ್ತಿನ ಕೋಶಕ್ಕೆ ನುಗ್ಗುವ ಬಾಗಿಲನ್ನೇ ಕಂಡುಹಿಡಿಯಿತು. ಅದರ ಹೆಸರು ಎನ್‌ಟಿಸಿಪಿ. ಅದರ ನಿಜವಾದ ಕೆಲಸ ಪಿತ್ತದ ಆಮ್ಲಗಳನ್ನು ಕೋಶದೊಳಗೆ ಎಳೆದುಕೊಳ್ಳುವುದು. ಪೂರ್ವ ಏಷ್ಯಾದ ಕೆಲವರಲ್ಲಿ ಈ ಬಾಗಿಲಿನ ಒಂದು ಕೊಂಡಿ ಬೇರೆ ಇದೆ, ಅವರಲ್ಲಿ ಬಿ ನೆಲೆಸುವುದು ಕಡಿಮೆ. ಬಿ ವೈರಸ್ಸಿನ ಇಡೀ ಜೀನೋಮ್ ಸುಮಾರು 3,200 ಅಕ್ಷರ, ನಮ್ಮದು ಸುಮಾರು 320 ಕೋಟಿ. ಹತ್ತು ಲಕ್ಷ ಪಟ್ಟು ದೊಡ್ಡ ಗ್ರಂಥ ಹೊತ್ತವರು ಇಷ್ಟು ಚಿಕ್ಕ ಚೀಟಿಯ ಎದುರು ಪರದಾಡುತ್ತಿದ್ದೇವೆ.

ಇಷ್ಟು ಕೇಳಿದ ಮೇಲೆ ನಿಮಗೆ ಒಂದು ಅನಿಸಿಕೆ ಬಂದಿರುತ್ತದೆ: ಹಾಗಾದರೆ ಯಕೃತ್ತಿನ ಕಾಯಿಲೆ ವಂಶದಲ್ಲಿ ಬರುತ್ತದೆ. ಈ ಅನಿಸಿಕೆಯನ್ನು ಬಿಡಿಸುವುದೇ ನಾನು ಇಲ್ಲಿಗೆ ಬಂದ ಮುಖ್ಯ ಕೆಲಸ.

ಒಂದು ತರವಾಡು ಮನೆಯನ್ನು, ಅಂದರೆ ಕುಟುಂಬದ ಮೂಲಮನೆಯನ್ನು, ಕಲ್ಪಿಸಿಕೊಳ್ಳಿ. ಅಜ್ಜಿ ಹೊಟ್ಟೆಯಲ್ಲಿ ನೀರು ತುಂಬಿ ಸತ್ತರು. ಅವರ ಇಬ್ಬರು ಗಂಡುಮಕ್ಕಳು ಐವತ್ತು ದಾಟುವ ಮೊದಲೇ ಯಕೃತ್ತಿನ ಕ್ಯಾನ್ಸರಿನಿಂದ ಹೋದರು. ಮಗಳು ಗಟ್ಟಿಯಾಗಿದ್ದಾರೆ, ಆದರೆ ಮಗಳ ಮಗನಿಗೆ ಕೆಲಸಕ್ಕೆ ಗಲ್ಫಿಗೆ ಹೋಗುವ ಮುನ್ನ ಮಾಡಿಸಿದ ವೈದ್ಯಕೀಯ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂತು. ಸತ್ತ ಗಂಡುಮಕ್ಕಳ ಮಕ್ಕಳಿಗೆ ಏನೂ ಇಲ್ಲ. ಅಳಿಯಸಂತಾನದ ಕುಟುಂಬವಾದರೆ ಇದು ಕರಾರುವಾಕ್ಕಾಗಿ ಕುಟುಂಬದ ಬಳ್ಳಿಯಲ್ಲೇ ಹರಿದಂತೆ ಕಾಣುತ್ತದೆ, ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಕ್ಕಳಿಗೆ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುತ್ತಾರೆ, ನಾಗದೋಷ ಕಾಣುತ್ತದೆ, ನಾಗಬನದ ಜೀರ್ಣೋದ್ಧಾರ ಆಗುತ್ತದೆ. ಸ್ವಲ್ಪ ಓದಿದವರಾದರೆ ದೋಷದ ಬದಲು ‘ಜೆನೆಟಿಕ್’ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ಕೈಚೆಲ್ಲಿ ಕೂರಲು ಸಿಗುವ ನೆಪ. ಆ ಮನೆಯಲ್ಲಿ ಹೆರಿಗೆಯಿಂದ ಹೆರಿಗೆಗೆ ದಾಟಿದ್ದು ವೈರಸ್. ರಕ್ತದಲ್ಲಿ ವೈರಸ್ ಹೇರಳವಾಗಿರುವ ತಾಯಿಯಿಂದ, ಏನೂ ರಕ್ಷಣೆ ಕೊಡದಿದ್ದರೆ, ನೂರರಲ್ಲಿ 70ರಿಂದ 90 ಶಿಶುಗಳಿಗೆ ಸೋಂಕು ತಗಲುತ್ತದೆ. ಗಂಡಸರು ಹೆರುವುದಿಲ್ಲವಾದ್ದರಿಂದ ಅವರ ಕಡೆ ಸರಪಳಿ ಹೆಚ್ಚಾಗಿ ಕಡಿದುಹೋಗುತ್ತದೆ.

ವಂಶವಾಹಿಯನ್ನು ಬದಲಿಸಲಾಗುವುದಿಲ್ಲ. ವೈರಸ್ಸನ್ನು ತಡೆಯಬಹುದು. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬಿದ್ದರೆ, ತಾಯಿಗೆ ಸೋಂಕು ಇದ್ದರೆ ಜೊತೆಗೆ ಪ್ರತಿಕಾಯದ (ಆಂಟಿಬಾಡಿಯ) ಚುಚ್ಚುಮದ್ದೂ ಬಿದ್ದರೆ, ಆ ಬಳ್ಳಿ ಬಹುಮಟ್ಟಿಗೆ ಅಲ್ಲೇ ಕಡಿಯುತ್ತದೆ.

ತಮಾಷೆಯೆಂದರೆ, ಬಿ ವೈರಸ್ ಸಿಕ್ಕಿದ್ದೇ ವಂಶವಾಹಿಯನ್ನು ಹುಡುಕಲು ಹೋದವರ ಕೈಗೆ. ಅಮೆರಿಕದ ಬಾರೂಕ್ ಬ್ಲೂಂಬರ್ಗ್ ಅವರು ಬೇರೆ ಬೇರೆ ಜನಾಂಗಗಳ ರಕ್ತದ ಪ್ರೋಟೀನ್‌ಗಳಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸಗಳನ್ನು ಹುಡುಕುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ವಿಚಿತ್ರ ಪ್ರೋಟೀನ್ ಕಂಡಿತು. 1965ರಲ್ಲಿ ಅದನ್ನು ಆಸ್ಟ್ರೇಲಿಯಾ ಆಂಟಿಜನ್ ಎಂದು ಕರೆದರು. ಅದು ಕೆಲವು ಕುಟುಂಬಗಳಲ್ಲಿ ಒಟ್ಟಾಗಿ ಕಾಣುತ್ತಿತ್ತು, ಆದ್ದರಿಂದ ಅನುವಂಶೀಯ ಎಂದೇ ಅವರೂ ಮೊದಲು ಊಹಿಸಿದ್ದರು. ಕಡೆಗೆ ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ಗೊತ್ತಾಯಿತು. ಅದಕ್ಕೆ 1976ರಲ್ಲಿ ನೊಬೆಲ್ ಬಂತು. ಇವತ್ತಿನ ದಿನ, ಜುಲೈ 28, ಅವರ ಜನ್ಮದಿನ. ನಮ್ಮ ತರವಾಡಿನವರು ಎಡವಿದಲ್ಲೇ ನೊಬೆಲ್ ಪಡೆದವರೂ ಎಡವಿದ್ದರು ಎಂದಾಯಿತು.

ಪ್ರಶ್ನೆಗಳು ಬಹಳ ಬಂದವು.

ಹಿರಿಯ ಕೃಷಿಕರೊಬ್ಬರು ಎದ್ದು, ‘ನೆಲನೆಲ್ಲಿಯನ್ನು ನೀವು ಹಾಗೆ ತಳ್ಳಿಹಾಕಬಾರದು, ಮದ್ರಾಸಿನಲ್ಲಿ ಅದರ ಸಂಶೋಧನೆ ಆಗಿದೆ’ ಎಂದರು. ಅವರ ಮಾತು ಸರಿ. ಆ ಸಂಶೋಧನೆಯಲ್ಲಿ ಬ್ಲೂಂಬರ್ಗ್ ಅವರೂ ಇದ್ದರು. 1988ರಲ್ಲಿ ಪ್ರಕಟವಾದ ಆ ವರದಿಯಲ್ಲಿ ನೆಲನೆಲ್ಲಿ ಪುಡಿ ತೆಗೆದುಕೊಂಡ ಬಿ ಸೋಂಕಿತರು 37 ಮಂದಿ. ಅವರಲ್ಲಿ 22 ಮಂದಿಯ ರಕ್ತದಿಂದ ಆಂಟಿಜನ್ ಮಾಯವಾಯಿತು. ಹುಸಿಮದ್ದು ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರದ್ದು ಮಾತ್ರ. ಜಗತ್ತೇ ಕಿವಿ ನಿಮಿರಿಸಿತು. ಆಮೇಲೆ ಬೇರೆ ಬೇರೆ ಕಡೆ ಅದೇ ಪ್ರಯೋಗ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಎ ಕಾಮಾಲೆಯಲ್ಲಿ ನೆಲನೆಲ್ಲಿ ಕುಡಿದರೆ ನನ್ನ ತಕರಾರು ಇಲ್ಲ, ಹೇಗೂ ಗುಣವಾಗುತ್ತದೆ. ಕಣ್ಣು ಹಳದಿಯಾದವರಿಗೆ ಮಂಪರು ಹತ್ತಿದರೆ, ಮಾತು ತೊದಲಿದರೆ, ರಕ್ತಸ್ರಾವವಾದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ. ಬಿ, ಸಿ ಇರುವವರು ಅದನ್ನೇ ನೆಚ್ಚಿಕೊಂಡು ಚಿಕಿತ್ಸೆ ಬಿಡುವುದಕ್ಕೆ ನನ್ನ ಪೂರ್ತಿ ವಿರೋಧವಿದೆ. ಕಾಮಾಲೆಗೆಂದು ಕೈಗೆ ಬರೆ ಹಾಕಿಸಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು.

ಮಂಗಳೂರಿನಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು, ಮೂರು ಡೋಸ್ ಲಸಿಕೆ ಹಾಕಿಸಿಕೊಂಡರೂ ತನ್ನ ಸಹಪಾಠಿಗೆ ಪ್ರತಿಕಾಯ ಬರಲಿಲ್ಲ, ಲಸಿಕೆ ಹಾಳಾಗಿತ್ತೇ ಎಂದು ಕೇಳಿದಳು. ಆಗಿರಬೇಕೆಂದಿಲ್ಲ. ದೊಡ್ಡವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮೊದಲ ಸರಣಿಯಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ. ಇಲ್ಲೂ ಎಚ್‌ಎಲ್‌ಎ ಕೈವಾಡವಿದೆ. ಡಿಆರ್‌ಬಿ1*03, *07 ಇದ್ದವರಲ್ಲಿ ಇದು ಹೆಚ್ಚು. ಪ್ರಾಯ, ಬೊಜ್ಜು, ಧೂಮಪಾನವೂ ಸೇರುತ್ತವೆ. ಇನ್ನೊಂದು ಸರಣಿ ಹಾಕಿಸಿಕೊಂಡರೆ ಅವರಲ್ಲೂ ಅನೇಕರಿಗೆ ಬರುತ್ತದೆ.

ಬಸುರಿಯರಿಗೆ ಯಾವ ಕಾಮಾಲೆ ಅಪಾಯ ಎಂದು ಒಬ್ಬರು ಅಕ್ಕ ಕೇಳಿದರು. ಇ. ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ ಇಪ್ಪತ್ತು ಇಪ್ಪತ್ತೈದರವರೆಗೂ ಸಾವು ಸಂಭವಿಸಿದ್ದಿದೆ. ಬಸುರಿಯರಿಗೆ ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ನೀರು ಕೊಡಬೇಡಿ, ಮದುವೆ ಮನೆಯ ಶರಬತ್ತಂತೂ ಬೇಡ.

ಕಾಲೇಜಿನ ತರುಣನೊಬ್ಬ, ಲಾಲಾರಸ ಕಳಿಸಿ ಜೀನ್ ಪರೀಕ್ಷೆ ಮಾಡಿಸಿದರೆ ತನಗೆ ಯಾವ ಹೆಪಟೈಟಿಸ್ ಬರುತ್ತದೆ ಎಂದು ತಿಳಿಯುತ್ತದೆಯೇ ಎಂದು ಕೇಳಿದ. ತಿಳಿಯುವುದಿಲ್ಲ. ನಾನು ಹೇಳಿದ ಅಧ್ಯಯನಗಳು ಐರ್ಲೆಂಡ್, ಜಪಾನ್, ಗ್ಯಾಂಬಿಯಾ, ಅಮೆರಿಕದವು. ಏಳು ಭಾಷೆಯ ನಮ್ಮ ಈ ಮೂಲೆಯಲ್ಲಿ ಒಂದೊಂದು ಸಮುದಾಯ ತಲೆಮಾರುಗಳಿಂದ ತನ್ನೊಳಗೇ ಮದುವೆಯಾಗುತ್ತಾ ಬಂದಿದೆ; ಅಲ್ಲಿನ ಅಂಕಿಯನ್ನು ಇಲ್ಲಿ ಹಾಗೆಯೇ ಅಂಟಿಸಲಾಗುವುದಿಲ್ಲ. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ದತ್ತಾಂಶ 2025ರಲ್ಲಿ ಸಂಶೋಧಕರಿಗೆ ತೆರೆದಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ವಿಜ್ಞಾನದ ವಿಭಾಗವೇ ಇದೆ. ಆಸಕ್ತಿ ಇದ್ದರೆ ಲಾಲಾರಸ ಕಳಿಸುವ ಹಣವನ್ನು ಬಸ್ಸಿಗೆ ಖರ್ಚು ಮಾಡಿ ಅಲ್ಲಿಗೆ ಹೋಗು ಎಂದೆ. ಪರೀಕ್ಷೆ ಬೇಕೆಂದೇ ಇದ್ದರೆ ಬಿ ವೈರಸ್ ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಮಾಡಿಸು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ, ಸಿ ಪರೀಕ್ಷೆಯೂ ಔಷಧವೂ ಉಚಿತ.

ಸಭೆ ಮುಗಿದ ಮೇಲೆ ದಂಪತಿಯೊಬ್ಬರು ಬದಿಗೆ ಕರೆದರು. ಮಗಳಿಗೆ ನೋಡಿದ ಹುಡುಗನಿಗೆ ಹೆಪಟೈಟಿಸ್ ಬಿ ಇದೆಯಂತೆ. ಹುಡುಗ ತಾನಾಗಿ ಹೇಳಿದ್ದಾನೆ. ಹುಟ್ಟುವ ಮಕ್ಕಳಿಗೆ ವಂಶದಲ್ಲಿ ಬಂದುಬಿಡುತ್ತದೆಯೇ? ಹುಡುಗನ ವಂಶವಾಹಿಯಿಂದ ಬರುವುದಿಲ್ಲ ಎಂದೆ. ಮಗಳಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದಿದ್ದರೆ ಇವತ್ತೊಂದು, ತಿಂಗಳು ಬಿಟ್ಟು ಇನ್ನೊಂದು, ಆರನೆಯ ತಿಂಗಳಿಗೆ ಮತ್ತೊಂದು ಲಸಿಕೆ. ಅದಾಗಿ ಒಂದೆರಡು ತಿಂಗಳಲ್ಲಿ ಪ್ರತಿಕಾಯ ಅಳೆಸಿ. 10ರ ಮೇಲೆ ಬಂದರೆ ಧೈರ್ಯವಾಗಿ ಚಪ್ಪರ ಹಾಕಿಸಿ. ಹುಡುಗನಿಗೆ ಚಿಕಿತ್ಸೆ ಬೇಕೇ ಎಂದು ವೈದ್ಯರು ನೋಡಲಿ. ‘ಅಷ್ಟು ತಿಂಗಳು ಕಾಯಬೇಕೇ?’ ಎಂದು ತಾಯಿ ಮುಖ ಸಪ್ಪೆ ಮಾಡಿದರು. ಈಗ ಆಟಿ ತಿಂಗಳು, ಹೇಗೂ ಮದುವೆ ಇಲ್ಲ, ಮೊದಲ ಡೋಸ್ ನಾಳೆಯೇ ಹಾಕಿಸಿಬಿಡಿ ಎಂದೆ.